ಹೊಳೆ ದಾಟಿದ ಮೇಲೆ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರು. ನಮ್ಮದು ಕೆರೆಯ ಸೀಮೆ, ಹೊಳೆಯ ಸೀಮೆಯಲ್ಲ. ನಮ್ಮ ಜನರಿಗೆ ನೀರೆಂದರೆ ಏರಿ, ತೂಬು, ಕೋಡಿ. ಜನಪದರು ಹಾಡಿ ಹೊಗಳಿದ್ದೂ ಕುಣಿಗಲ್ಲಿನ ಕೆರೆಯನ್ನೇ ಹೊರತು ಹೊಳೆಯನ್ನಲ್ಲ. ಶಿಂಷಾ ನದಿಯು ನಮ್ಮ ತಾಲ್ಲೂಕಿನಲ್ಲಿ ಹರಿಯುವುದಾದರೂ, ಬೇಸಗೆಯಲ್ಲಿ ಮೊಣಕಾಲು ನೀರಿನ ಆ ಹೊಳೆಯನ್ನು ದಾಟಲು ಅಂಬಿಗನ ಸಹಾಯ ಬೇಕಾಗಿರಲಿಲ್ಲ. ಆದುದರಿಂದ ಬಾಲ್ಯದಲ್ಲಿ ನಾವು ದೋಣಿಯನ್ನು ಕಂಡವರಲ್ಲ; ಅಂಬಿಗನನ್ನು ಬಲ್ಲವರಲ್ಲ.

ಅಂಬಿಗನೆಂಬ ಶಬ್ದ ಮೊಟ್ಟಮೊದಲು ನಮ್ಮ ಕಿವಿಗೆ ಬಿದ್ದುದು ಸಿದ್ಧಗಂಗೆಯಲ್ಲಿ. ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಆಶ್ರಯದಲ್ಲಿ ಓದುತ್ತಿದ್ದ ಆ ದಿನಗಳಲ್ಲಿ, ಶರಣರ ಹೆಸರುಗಳನ್ನು ಅವರವರ ಕಾಯಕದೊಡನೆ ನಮ್ಮಿಂದ ಹೇಳಿಸುತ್ತಿದ್ದರು. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯ. ಉಳಿದ ಕಾಯಕಗಳೆಲ್ಲ ನಮ್ಮ ಊರಿನಲ್ಲಿ ಕಂಡವೇ. ಅಂಬಿಗನದು ಮಾತ್ರ ಕಾಣದ್ದು. "ಚೌಡಯ್ಯನವರು ದಿನವಿಡೀ ಮಾಡುತ್ತಿದ್ದುದೇನು, ಗುರುಗಳೇ?" ಎಂದು ಒಬ್ಬ ಹುಡುಗ ಕೇಳಿದ್ದನು. "ಈ ದಡದವರನ್ನು ಆ ದಡಕ್ಕೂ, ಆ ದಡದವರನ್ನು ಈ ದಡಕ್ಕೂ ಮುಟ್ಟಿಸುತ್ತಿದ್ದರು. ತಾವು ಮಾತ್ರ ಎರಡು ದಡದಲ್ಲಿಯೂ ಉಳಿಯುತ್ತಿರಲಿಲ್ಲ" ಎಂದು ಗುರುಗಳು ನಕ್ಕು ಹೇಳಿದ್ದರು. ಆ ಮಾತಿನ ತೂಕ ತಿಳಿಯಲು ನಾವು ಶರಾವತಿಯ ದಡದವರೆಗೆ ಹೋಗಬೇಕಾಯಿತು.

1991ರ ಶ್ರಾವಣ ಕಳೆದ ಮೇಲೆ ನಾಲ್ವರು ಮಿತ್ರರೊಡನೆ ಮಲೆನಾಡಿನ ಯಾತ್ರೆಗೆ ಹೊರಟೆವು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರುಗಳನ್ನು ದಾಟಿ ಶಿವಮೊಗ್ಗೆಯ ಮಾರ್ಗವಾಗಿ ಸಾಗರವನ್ನು ಸೇರಿದೆವು. ತೆಂಗು ಹಿಂದುಳಿದು ಅಡಿಕೆ ಎದುರಾಯಿತು. ಇಕ್ಕೇರಿಯಲ್ಲಿ ಅಘೋರೇಶ್ವರನ ದರ್ಶನ ಪಡೆದು, ಶಿವಭಕ್ತರಾದ ಕೆಳದಿಯ ಅರಸರು ಕಟ್ಟಿಸಿದ ಆ ಕಲ್ಲುಕೆಲಸವನ್ನು ಕಣ್ತುಂಬ ನೋಡಿದೆವು. ಅಲ್ಲಿಂದ ಆವಿನಹಳ್ಳಿಯ ದಾರಿ ಹಿಡಿದು ಅಂಬಾರಗೋಡ್ಲು ಮುಟ್ಟಿದಾಗ ದಾರಿಯೇ ಮುಗಿದುಹೋಗಿತ್ತು. ಡಾಂಬರು ನೇರವಾಗಿ ನೀರಿನೊಳಕ್ಕೆ ಇಳಿದಿತ್ತು. ಆ ಎಡೆಗೆ ಜನರು ಇಟ್ಟ ಹೆಸರು ಹೊಳೆಬಾಗಿಲು. ಹೊಳೆಗೂ ಒಂದು ಬಾಗಿಲುಂಟು, ಅದು ಹೊತ್ತಿಗೆ ಸರಿಯಾಗಿ ತೆರೆದು ಹೊತ್ತಿಗೆ ಸರಿಯಾಗಿ ಮುಚ್ಚುತ್ತದೆ ಎಂಬುದನ್ನು ಆ ರಾತ್ರಿಯೇ ಕಲಿತೆವು.

ಆ ನೀರಿನ ಹಿನ್ನೆಲೆಯನ್ನು ವಾಚಕರಿಗೆ ಇಲ್ಲಿ ತಿಳಿಸಬೇಕು. ಶರಾವತಿಗೆ ಮೊದಲು ಹಿರೇಭಾಸ್ಕರದಲ್ಲಿ ಅಣೆ ಕಟ್ಟಲಾಗಿತ್ತು. ನೀರು ಒಂದು ಮಟ್ಟಕ್ಕೇರಿದೊಡನೆ ತಾನಾಗಿಯೇ ಹೊರಚೆಲ್ಲುವ ಸೈಫನ್ನುಗಳು ಅದಕ್ಕಿದ್ದವು. ನಮ್ಮ ಮಾರ್ಕೋನಹಳ್ಳಿ ಜಲಾಶಯದಲ್ಲಿಯೂ ಸೈಫನ್ನುಗಳೇ ಇರುವುದರಿಂದ ಈ ಎರಡು ಅಣೆಗಳನ್ನು ಅಣ್ಣತಮ್ಮಂದಿರೆನ್ನಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಆ ಹಳೆಯ ಅಣೆಯೇ ಮುಳುಗಿತು. ಈಗಲೂ ಕಡುಬೇಸಗೆಯಲ್ಲಿ ನೀರು ಇಳಿದಾಗ ಅದು ತಲೆಯೆತ್ತುತ್ತದೆ. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಿಡಿಯುವ ನೀರು ಸುಮಾರು 151 ಟಿ.ಎಂ.ಸಿ. ಈ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬಹುದು. ನಾಡಿನ ಮನೆಮನೆಯ ದೀಪ ಉರಿಯಿತು. ಆದರೆ ಹೊಳೆದಂಡೆಯ ಗದ್ದೆ, ತೋಟ, ಮನೆ, ದೇವಸ್ಥಾನಗಳು ಮುಳುಗಿದವು. ಅನೇಕರು ಊರು ಬಿಟ್ಟು ಹೋದರು. ಎತ್ತರದಲ್ಲಿ ಉಳಿದವರ ಸುತ್ತ ನೀರು ನಿಂತು, ತುಮರಿ ಸೀಮೆಯು ದ್ವೀಪದಂತಾಯಿತು. ಸಾಗರದ ಪೇಟೆ, ಕಚೇರಿ, ಆಸ್ಪತ್ರೆಗಳು ನೀರಿನ ಆಚೆ ಉಳಿದವು. ಈ ಸಂಕಟವನ್ನು ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ನಾಡಿಗೆ ತಿಳಿಸಿದರು. ಬದುಕಿನುದ್ದಕ್ಕೂ ಆ ಜನರ ಪರವಾಗಿ ಬರೆದ ಅವರು 2025ರ ಜನವರಿಯಲ್ಲಿ, ಸೇತುವೆ ತೆರೆಯುವುದಕ್ಕೆ ಆರು ತಿಂಗಳು ಮೊದಲು, ಅಗಲಿದರು.

ದಾರಿ ಮುಳುಗಿದ ಆ ಜನರಿಗೆ ಸರಕಾರ ಒದಗಿಸಿದ್ದು ಲಾಂಚು. ಒಳನಾಡು ಜಲಸಾರಿಗೆಯವರು ನಡೆಸುತ್ತಿದ್ದ ಆ ಲಾಂಚನ್ನು ನಾವು ಅಂದು ಮೊದಲ ಬಾರಿಗೆ ಹತ್ತಿದೆವು. ನಮ್ಮೊಡನೆ ಅಡಿಕೆಯ ಮೂಟೆಗಳಿದ್ದವು, ಸೀಮೆಎಣ್ಣೆಯ ಡಬ್ಬಿಗಳಿದ್ದವು, ತವರಿಗೆ ಹೊರಟ ಒಬ್ಬ ಬಾಣಂತಿಯಿದ್ದಳು, ಹಗ್ಗ ಬಿಗಿದ ಒಂದು ಕರುವಿತ್ತು. ಟಿಕೆಟ್ಟಿನ ಬೆಲೆ ಒಂದು ಲೋಟ ಚಹದ ಬೆಲೆಗಿಂತ ಕಡಿಮೆ. "ಇಷ್ಟರಲ್ಲಿ ಡೀಸೆಲ್ಲಿನ ಖರ್ಚಾದರೂ ಹುಟ್ಟುವುದೇ?" ಎಂದು ಹಗ್ಗ ಹಿಡಿದಿದ್ದ ಕೆಲಸಗಾರನನ್ನು ಕೇಳಿದೆವು. ಆತನು ನೀರಿನ ಕಡೆ ಕೈ ತೋರಿ, "ಖರ್ಚು ಹುಟ್ಟೂದಿಲ್ಲ ಸ್ವಾಮಿ. ಆದರೆ ಈ ನೀರಿನ ಅಡಿಯಾಗೆ ಇವರ ಗದ್ದೆ ಐತೆ. ತಮ್ಮ ಗದ್ದೆ ಮೇಲೆ ಹೋಗೂಕೆ ಇವರ ಹತ್ರ ಎಷ್ಟು ದುಡ್ಡು ಕೇಳೂದು?" ಎಂದನು. ತರ್ಕಶಾಸ್ತ್ರವನ್ನು ಓದಿದ್ದ ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಸಿಗಂದೂರಿನಲ್ಲಿ ಚೌಡೇಶ್ವರಿಯ ದರ್ಶನ ಮುಗಿಸಿ, ತುಮರಿಯ ಕಡೆ ಸುತ್ತಾಡಿ, ಕಳಸವಳ್ಳಿಯ ದಡಕ್ಕೆ ಬರುವಷ್ಟರಲ್ಲಿ ಸಂಜೆಯ ಕೊನೆಯ ಲಾಂಚು ಹೋಗಿಬಿಟ್ಟಿತ್ತು. ಸೋನೆಮಳೆ ಹಿಡಿದಿತ್ತು. ಒಬ್ಬ ರೈತರು ನಮ್ಮ ಪರದಾಟವನ್ನು ಕಂಡು ಮನೆಗೆ ಕರೆದೊಯ್ದರು. ಒಲೆಯ ಬಳಿ ಬೆಚ್ಚಗೆ ಕುಳ್ಳಿರಿಸಿ, ನಮ್ಮ ಪೂಜೆಗೆ ನೀರು, ಹೂವು ಒದಗಿಸಿ, ಉಂಡಮೇಲೆ ಕಂಬಳಿ ಕೊಟ್ಟರು. ಯಾರು, ಯಾವ ಮತ ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆ ಮನೆಯ ಹಿರಿಯ ತಾಯಿ ಅಂದು ಹೇಳಿದ ಒಂದು ಸಂಗತಿಯನ್ನು ನಾವು ಮರೆತಿಲ್ಲ. ಹಿಂದಿನ ಒಂದು ಮಳೆಗಾಲದಲ್ಲಿ ಸೊಸೆಗೆ ನಡುರಾತ್ರಿ ಹೆರಿಗೆಯ ನೋವು ಕಾಣಿಸಿಕೊಂಡಿತು. ಮಗು ಅಡ್ಡವಾಗಿತ್ತು. ಸೂಲಗಿತ್ತಿ ಕೈಚೆಲ್ಲಿದಳು. ಲಾಂಚು ಬರುವುದು ಬೆಳಗಾದ ಮೇಲೆ. ಆಗ ಮೀನು ಹಿಡಿಯುವ ಒಬ್ಬಾತನು ತನ್ನ ಪುಟ್ಟ ದೋಣಿಯನ್ನು ತಂದನು. ಕಂದೀಲು ಹಿಡಿದು, ಮಳೆಯಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕ ನೀರನ್ನು ಹುಟ್ಟು ಹಾಕಿ ದಾಟಿಸಿದನು. ತಾಯಿ, ಮಗು ಇಬ್ಬರೂ ಉಳಿದರು. "ಮರುವಾರ ನಮ್ಮ ಯಜಮಾನರು ಅವನ ಮನೆಗೆ ಹೋಗಿ ನೂರು ರೂಪಾಯಿ ಕೊಡೂಕೆ ಹೋದ್ರು. ಅವ ಮುಟ್ಟಲಿಲ್ಲ. ಹಗಲು ಹೊತ್ತು ಲಾಂಚಿಗೆ ಎಷ್ಟು ಕೊಡ್ತೀರೋ ಅಷ್ಟು ಕೊಡಿ, ಹೆಚ್ಚಿಗೆ ತಗೊಂಡ್ರೆ ಹೊಳೆ ಮೆಚ್ಚೂದಿಲ್ಲ ಅಂದ" ಎಂದು ಆ ತಾಯಿ ಹೇಳಿ, ಮಾಡಿನ ಕಂಬಕ್ಕೊರಗಿ ಮಲಗಿದ್ದ ನಾಲ್ಕೈದು ವರ್ಷದ ಮೊಮ್ಮಗನನ್ನು ತೋರಿಸಿದರು. ಅವನೇ ಆ ರಾತ್ರಿಯ ಮಗು.

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಶರಣೆ ಅದನ್ನು ಒಳಗಿಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬನ್ನಿರೆಂದು ಹಿಂದಿರುಗಿಸಿದರು. ಶರಣರ ದೃಷ್ಟಿಯಲ್ಲಿ ದುಡಿಮೆಗೆ ಪ್ರತಿಫಲವುಂಟು. ಆದರೆ ಇನ್ನೊಬ್ಬರ ಆಪತ್ತಿಗೆ ಬೆಲೆ ಕಟ್ಟಿದರೆ ಅದು ಕಾಯಕವೆನಿಸದು. ಶಾಸ್ತ್ರ ಓದದ ಆ ಬೆಸ್ತನು ಲಕ್ಕಮ್ಮನವರ ದಾರಿಯಲ್ಲಿಯೇ ನಡೆದಿದ್ದನು.

ಈ ಹಿಂದೆ ಹಾವೇರಿ ಜಿಲ್ಲೆಯ ಚೌಡದಾನಪುರವನ್ನು ಸಂದರ್ಶಿಸಿದಾಗಲೂ ನಮಗೆ ಇದೇ ವಿಚಾರ ಮೂಡಿತ್ತು. ರಾಣೆಬೆನ್ನೂರು ತಾಲ್ಲೂಕಿನ ಆ ಗ್ರಾಮದಲ್ಲಿ ಮುಕ್ತೇಶ್ವರನ ಸುಂದರ ದೇವಾಲಯದ ಪಕ್ಕದಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ. ಚೌಡಯ್ಯನವರ ನೆನಪು ಆ ದಡದಲ್ಲಿ ಇಂದಿಗೂ ಜೀವಂತವಾಗಿದೆ. ಇತರ ಶರಣರು ತಮ್ಮ ಇಷ್ಟದೈವದ ಹೆಸರನ್ನು ವಚನಗಳಿಗೆ ಅಂಕಿತವಾಗಿಟ್ಟರೆ, ಚೌಡಯ್ಯನವರು ತಮ್ಮ ಕಾಯಕ ಸಹಿತವಾದ ಹೆಸರನ್ನೇ ಅಂಕಿತವಾಗಿಟ್ಟರು. ಹುಟ್ಟು ಹಿಡಿದ ಕೈಗೆ ಅಷ್ಟು ಧೈರ್ಯವಿತ್ತು. ದೋಣಿಯಲ್ಲಿ ಅರಸನೂ ಕೂಡುತ್ತಾನೆ, ಆಳೂ ಕೂಡುತ್ತಾನೆ. ಒಬ್ಬನು ಮಿಸುಕಿದರೆ ಎಲ್ಲರೂ ಮುಳುಗುತ್ತಾರೆ. ಸಮಾನತೆಯನ್ನು ಅಂಬಿಗನು ದಿನಕ್ಕೆ ಹತ್ತು ಸಲ ಕಣ್ಣಾರೆ ಕಾಣುತ್ತಾನೆ.

ಮುಂದೆ ಸಿಗಂದೂರಿನ ಪ್ರಸಿದ್ಧಿ ಬೆಳೆಯಿತು. ತಾಯಿಯ ಕಾವಲಿದೆಯೆಂದು ಬರೆದ ಫಲಕಗಳು ನಮ್ಮ ಸೀಮೆಯ ತೆಂಗಿನ ತೋಟಗಳಲ್ಲಿಯೂ ಕಾಣಿಸಿಕೊಂಡವು. ಬಸ್ಸು, ಕಾರುಗಳನ್ನು ಹೊರುವ ದೊಡ್ಡ ಲಾಂಚುಗಳು ಬಂದವು. ರಜೆಯ ದಿನಗಳಲ್ಲಿ ಹೊಳೆಬಾಗಿಲಿನಲ್ಲಿ ವಾಹನಗಳ ಸಾಲು ಉದ್ದವಾಗುತ್ತಿತ್ತು. ಯಾತ್ರಿಕರಿಗೆ ಅದು ಒಂದು ದಿನದ ಕಾಯುವಿಕೆ, ಅಲ್ಲಿಯವರಿಗೆ ನಿತ್ಯದ್ದು. ಮಳೆ ತಡವಾದರೆ ನೀರು ಇಳಿದು ಲಾಂಚು ದಡ ಮುಟ್ಟದಾಗುತ್ತಿತ್ತು. 2023ರ ಜೂನ್ ತಿಂಗಳಲ್ಲಿ ಹೀಗೆಯೇ ವಾಹನಗಳ ಸಾಗಣೆಯನ್ನು ನಿಲ್ಲಿಸಿ, ಜನರನ್ನಷ್ಟೇ ದಾಟಿಸಿದರು. ನೀರು ಹೆಚ್ಚಾದುದರಿಂದ ದಾರಿ ಕಳೆದುಕೊಂಡವರಿಗೆ, ನೀರು ಕಡಿಮೆಯಾದಾಗಲೂ ದಾರಿಯಿಲ್ಲ!

ಸೇತುವೆಯ ಬೇಡಿಕೆ ದಶಕಗಳಷ್ಟು ಹಳೆಯದು. 2018ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಗಿ, 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯನ್ನು ಉದ್ಘಾಟಿಸಿದರು. ತಂತಿಗಳಿಂದ ತೂಗಿ ನಿಂತ ಈ ಸೇತುವೆಯ ಉದ್ದ 2.44 ಕಿಲೋಮೀಟರು, ತಗುಲಿದ ವೆಚ್ಚ ಸುಮಾರು 470 ಕೋಟಿ ರೂಪಾಯಿ. ಮುಳುಗಡೆಯಾದಂದಿನಿಂದ ಲೆಕ್ಕ ಹಾಕಿದರೆ ಆ ಜನರು 61 ವರ್ಷ ಕಾದರು. ಮೂರು ತಲೆಮಾರು ಕಾದಿತು.

ಅದೇ ವರ್ಷದ ಕಾರ್ತಿಕ ಮಾಸದಲ್ಲಿ ಕೊತ್ತಗೆರೆಯ ಕಡೆಯ ಕೆಲವು ಕುಟುಂಬಗಳು ಒಂದು ಬಸ್ಸು ಮಾಡಿಕೊಂಡು ಯಾತ್ರೆಗೆ ಹೊರಟಾಗ ನಮ್ಮನ್ನೂ ಕರೆದರು. ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಗೆ ನಮಸ್ಕರಿಸಿ ಪ್ರಯಾಣ ಆರಂಭಿಸಿದೆವು. ಮರುದಿನ ಹೊಳೆಬಾಗಿಲಿಗೆ ಬಂದಾಗ ಬಸ್ಸು ನಿಲ್ಲಲೇ ಇಲ್ಲ. ಮಾತನಾಡುತ್ತಿದ್ದಂತೆಯೇ ಆಚೆ ದಡ ಬಂದುಬಿಟ್ಟಿತು. ಹಿಂದಿನ ಆಸನದಲ್ಲಿದ್ದ ಒಬ್ಬ ಗೃಹಿಣಿ ನಿರಾಶೆಯಿಂದ, "ಅಯ್ಯೋ, ಇಷ್ಟೇನಾ ಶಾಸ್ತ್ರಿಗಳೇ? ಮಕ್ಕಳಿಗೆ ಲಾಂಚು ತೋರಿಸಬೇಕು ಅಂತ ಎಷ್ಟು ಆಸೆ ಇಟ್ಕೊಂಡಿದ್ದೆ. ಅದನ್ನ ಯಾಕೆ ನಿಲ್ಲಿಸಿದ್ರೋ!" ಎಂದರು. ನಿಜ ಹೇಳಬೇಕೆಂದರೆ ನಮ್ಮ ಮನಸ್ಸಿನಲ್ಲಿಯೂ ಅದೇ ಕೊರಗು ಸುಳಿದಿತ್ತು.

ಆ ಹಳೆಯ ಮನೆಯನ್ನು ಹುಡುಕಿಕೊಂಡು ಹೋದೆವು. ಹಿರಿಯ ತಾಯಿ ಶಿವಾಧೀನರಾಗಿ ಹಲವು ವರ್ಷಗಳಾಗಿದ್ದವು. ಕಂದೀಲಿನ ರಾತ್ರಿಯಲ್ಲಿ ಹುಟ್ಟಿದ ಆ ಮೊಮ್ಮಗನೇ ಈಗ ಮನೆಯ ಯಜಮಾನ. ಗುರುತು ಹೇಳಿದೊಡನೆ ಪಾದ ಮುಟ್ಟಿ ಒಳಗೆ ಕರೆದನು. ನಮ್ಮ ಜೊತೆಗಿದ್ದವರು ಲಾಂಚು ನಿಂತುದಕ್ಕೆ ಮರುಗಿದಾಗ ಆತನು ಮೃದುವಾಗಿ, "ನಿಮಗೆ ಅದು ಒಂದು ದಿನದ ಆಟ ಅಮ್ಮ. ನಮಗೆ ಸಂಜೆ ಆರರ ಮೇಲೆ ಬೀಗ ಹಾಕಿದ ಮನೆ. ಅಜ್ಜಿಗೆ ಕೊನೆಗಾಲದಲ್ಲಿ ಎದೆನೋವು ಬಂದಾಗ ರಾತ್ರಿ ಇಡೀ ದಡದಲ್ಲೇ ಕೂತಿದ್ವಿ. ಬೆಳಗಿನ ಮೊದಲ ಲಾಂಚಿಗೆ ಹತ್ತಿಸಿದ್ವಿ. ಸಾಗರ ಮುಟ್ಟಲಿಲ್ಲ" ಎಂದನು. ಬಸ್ಸಿನಲ್ಲಿ ಕೊರಗಿದ ತಾಯಿ ಕಣ್ಣೊರೆಸಿಕೊಂಡರು. ಇನ್ನೊಬ್ಬರ ಕಷ್ಟವು ನಮಗೆ ನೋಟವಾಗಿ ಕಾಣುವುದುಂಟು. ಅಂದು ನಮಗೂ ಅದು ತಿಳಿಯಿತು. ನಾವೂ ತಲೆ ತಗ್ಗಿಸಿದೆವು.

ಸ್ವಲ್ಪ ಹೊತ್ತಿನ ಬಳಿಕ ಆತನೇ ಇನ್ನೊಂದು ಮಾತನ್ನು ಸೇರಿಸಿದನು. "ಹಾಗಂತ ಲಾಂಚಿನವರನ್ನ ಮರೆಯೂಕೆ ಆಗತ್ತಾ? ಗಾಳಿಮಳೆಯಲ್ಲೂ ನಮ್ಮನ್ನ ದಾಟಿಸಿದ್ದು ಅವರೇ. ಶಾಲೆಗೆ, ಸಂತೆಗೆ, ಮದುವೆಗೆ, ಮಸಣಕ್ಕೆ." ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮ ನಾಡಿನಲ್ಲಿದೆ. ಲೋಕದ ಕೃತಘ್ನತೆಯನ್ನು ಕಂಡವರೇ ಈ ಗಾದೆಯನ್ನು ಕಟ್ಟಿರಬೇಕು. ಆ ಗಾದೆಯನ್ನು ಸುಳ್ಳು ಮಾಡುವ ಮನಸ್ಸು ಆ ಮನೆಯಲ್ಲಿತ್ತು.

ಸೇತುವೆ ತೆರೆದ ಮೇಲೆ ಅಂಬಾರಗೋಡ್ಲಿನ ಲಾಂಚುಗಳ ಗತಿಯೇನೆಂಬ ಚರ್ಚೆ ಎದ್ದಿತು. ಪ್ರವಾಸಿಗರ ವಿಹಾರಕ್ಕೆ ಬಳಸಬೇಕೆಂದು ಕೆಲವರೂ, ನೀರಿನ ಮೇಲಿನ ಹೋಟೆಲನ್ನಾಗಿ ಮಾಡಬೇಕೆಂದು ಕೆಲವರೂ, ಸೇತುವೆಯಾಗದ ಬೇರೆ ಕಡವುಗಳಿಗೆ ಒಯ್ಯಬೇಕೆಂದು ಕೆಲವರೂ ಸಲಹೆಯಿತ್ತರು. ಇದೇ ಹಿನ್ನೀರಿನ ಹಸಿರುಮಕ್ಕಿ, ಮುಪ್ಪಾನೆಗಳಲ್ಲಿಯೂ ಲಾಂಚನ್ನೇ ನಂಬಿದ ಜನರು ಇದ್ದರು. ಹಸಿರುಮಕ್ಕಿಯಲ್ಲಿ ಸೇತುವೆಯ ಕೆಲಸವನ್ನು ಕೈಗೆತ್ತಿಕೊಂಡು ವರ್ಷಗಳಾಗಿವೆ. ದಡಕ್ಕೆ ಕಟ್ಟಿದ್ದ ಒಂದು ಲಾಂಚಿನ ಮುಂದೆ ನಿಂತು ನಾವೂ ಈ ಕುರಿತು ಬಹಳ ಹೊತ್ತು ಆಲೋಚಿಸಿದೆವು. ನಮಗೆ ತೋಚಿದ್ದನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯದಾಗಿ, ದಾರಿಯಿಲ್ಲದವನು ಕೊಡುವ ಬಾಡಿಗೆಯೂ ನೋಟಕ್ಕೆಂದು ಬಂದವನು ಕೊಡುವ ಬಾಡಿಗೆಯೂ ಒಂದೇ ಆಗಕೂಡದು. ಮೊದಲನೆಯವನಿಗೆ ಲಾಂಚು ರಸ್ತೆ, ಎರಡನೆಯವನಿಗೆ ವಿನೋದ. ರಸ್ತೆಯಲ್ಲಿ ನಡೆಯುವವನ ಹತ್ತಿರ ನಾವು ಹೆಜ್ಜೆಗಿಷ್ಟೆಂದು ಹಣ ಕೇಳುವುದಿಲ್ಲ. ನಾಡಿನ ದೀಪಕ್ಕಾಗಿ ರಸ್ತೆಯನ್ನು ಮುಳುಗಿಸಿದ ಮೇಲೆ ಅದರ ಬದಲಿಗೆ ಕೊಟ್ಟ ದೋಣಿಯಲ್ಲಿ ಲಾಭನಷ್ಟವನ್ನು ಎಣಿಸುವುದು ನ್ಯಾಯವಲ್ಲ. ಸೇತುವೆಯಿಲ್ಲದ ಕಡವುಗಳಲ್ಲಿ ಬಾಡಿಗೆಯು ಅತ್ಯಲ್ಪವಾಗಿಯೇ ಇರಬೇಕು. ರಾತ್ರಿಯ ಆಪತ್ತಿಗೆ ಒಂದು ದೋಣಿ ಸದಾ ಸಿದ್ಧವಿರಬೇಕು. ವಿಹಾರಕ್ಕೆ ಬರುವ ನಮ್ಮಂಥವರಿಂದ ಯೋಗ್ಯವಾದ ಬೆಲೆಯನ್ನು ಪಡೆಯಲಿ. ಕೊಡುವುದಕ್ಕೆ ನಾವು ಹಿಂಜರಿಯಬಾರದು. ಲಕ್ಕಮ್ಮನವರ ನೀತಿಗೆ ಎರಡು ಮುಖಗಳಿವೆ: ಹೆಚ್ಚು ತೆಗೆದುಕೊಳ್ಳಬಾರದು, ಕೊಡಬೇಕಾದುದನ್ನು ಉಳಿಸಿಕೊಳ್ಳಲೂಬಾರದು.

ಎರಡನೆಯದಾಗಿ, ಲಾಂಚನ್ನು ಉಳಿಸುವ ಮಾತಾಡುವಾಗ ಲಾಂಚಿನ ಮನುಷ್ಯರನ್ನು ಮರೆಯಬಾರದು. ಆ ಹಿನ್ನೀರಿನ ಗಾಳಿ, ಆಳ, ನೀರಿನಡಿಯ ಮರದ ಬೊಡ್ಡೆಗಳ ಜಾಡನ್ನು ಅವರು ಬಲ್ಲರು. ಆ ಅರಿವು ಯಾವ ಕಡತದಲ್ಲಿಯೂ ಇರುವುದಿಲ್ಲ. ಹೊಸ ಏರ್ಪಾಡು ಏನೇ ಬರಲಿ, ಮೊದಲ ಕೆಲಸ ಅವರಿಗೆ ಸಲ್ಲಬೇಕು.

ಮೂರನೆಯದಾಗಿ, ಇದು ಶರಾವತಿಯೊಂದರ ಮಾತಲ್ಲ. 2013ರ ಮಳೆಗಾಲದಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡೆಯಲ್ಲಿ ಒಬ್ಬ ತುಂಬು ಗರ್ಭಿಣಿಯು ಹೆರಿಗೆಗಾಗಿ, ಒಣ ಸೋರೆಕಾಯಿಗಳನ್ನು ಕಟ್ಟಿಕೊಂಡು, ಮನೆಯವರ ನೆರವಿನಿಂದ ಉಕ್ಕಿ ಹರಿಯುವ ಕೃಷ್ಣೆಯನ್ನು ಈಜಿ ದಾಟಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ನಾವು ಬೆರಗಾದೆವು. ಸಾಹಸವೆಂದು ಎಲ್ಲರೂ ಕೊಂಡಾಡಿದರು. ಆದರೆ ಒಂಬತ್ತು ತಿಂಗಳ ತಾಯಿಯು ಹೊಳೆಗೆ ಇಳಿಯಬೇಕಾಗಿ ಬಂದುದು ಆಕೆಯ ಹಿರಿಮೆಯನ್ನು ತೋರಿಸುವಷ್ಟೇ ನಮ್ಮ ಕೊರತೆಯನ್ನೂ ತೋರಿಸುತ್ತದೆ.

ಹಿಂದಿರುಗುವಾಗ ಸೇತುವೆಯ ಈಚೆಗೆ ಬಸ್ಸನ್ನು ನಿಲ್ಲಿಸಿ ಎಲ್ಲರೂ ಕೆಳಗಿಳಿದೆವು. ಸಂಜೆ ಆರು ಕಳೆದಿತ್ತು. ಹಿಂದಿನ ಕಾಲವಾಗಿದ್ದರೆ ಬಾಗಿಲು ಮುಚ್ಚುವ ಹೊತ್ತು. ಸೇತುವೆಯ ದೀಪಗಳು ಹೊತ್ತಿಕೊಂಡಿದ್ದವು. ಆಚೆ ದಡದಿಂದ ಒಂದು ಜೀಪು ವೇಗವಾಗಿ ಬಂದು ಸಾಗರದ ಕಡೆಗೆ ಹೋಯಿತು. ಅದರಲ್ಲಿ ಯಾರಿದ್ದರೋ, ಏನು ಅವಸರವೋ ನಾವು ಅರಿಯೆವು. ತಡೆಯಿಲ್ಲದೆ ಹೋಯಿತು, ಅಷ್ಟು ಸಾಕು.

ನಮ್ಮೊಡನಿದ್ದ ಒಬ್ಬ ಬಾಲಕನು ದಡದ ಲಾಂಚನ್ನು ನೋಡುತ್ತ, "ತಾತ, ಇನ್ನು ಅಂಬಿಗರಿಗೆ ಏನು ಕೆಲಸ?" ಎಂದು ಕೇಳಿದನು. ಸಿದ್ಧಗಂಗೆಯಲ್ಲಿ ಗುರುಗಳು ಹೇಳಿದ್ದ ಮಾತು ನೆನಪಾಯಿತು. ಅಂಬಿಗನು ಎರಡೂ ದಡದಲ್ಲಿ ಉಳಿಯದವನು. ಆತನ ಪೂರ್ಣಫಲವು ದಾಟಿದವರ ಕ್ಷೇಮದಲ್ಲಿರುತ್ತದೆ. "ಸೇತುವೆಯಿಲ್ಲದ ಹೊಳೆಗಳು ಇನ್ನೂ ಎಷ್ಟೋ ಇವೆ, ಮಗು. ಅಲ್ಲಿಗೆ ಹೋಗುತ್ತಾರೆ" ಎಂದೆವು. ಅವನಿಗೆ ಆ ಉತ್ತರ ಒಪ್ಪಿಗೆಯಾಯಿತು. ಲಾಂಚಿನ ಕಡೆಗೆ ತಿರುಗಿ ಕೈ ಮುಗಿದನು. ಅವನನ್ನು ಕಂಡು ದೊಡ್ಡವರೂ ಕೈ ಮುಗಿದರು.

ನಿಮ್ಮ ಕುಟುಂಬವು ಆ ಕಡೆಗೆ ಯಾತ್ರೆ ಹೋದಾಗ ಸೇತುವೆಯ ಮೇಲೆ ಹಾಯಾಗಿ ದಾಟಿರಿ. ಆದರೆ ಒಂದು ಗಳಿಗೆ ಹೊಳೆಬಾಗಿಲಿನಲ್ಲಿ ನಿಂತು, ಅರುವತ್ತು ವರ್ಷ ಕಾದವರನ್ನೂ ಅವರನ್ನು ದಾಟಿಸಿದವರನ್ನೂ ನೆನೆಯಿರಿ. ಮನೆಗೆ ಮರಳಿ ದೀಪ ಹಚ್ಚುವಾಗ, ಆ ಬೆಳಕಿನಲ್ಲಿ ಶರಾವತಿಯ ನೀರೂ ಇದೆಯೆಂಬುದನ್ನು ಮಕ್ಕಳಿಗೆ ತಿಳಿಸಿರಿ. ಶರಣಾರ್ಥಿ.